ಹಂಡೆ ಕಾಯುವವರೆಗೆ

ಈ ರಸ್ತೆಯಲ್ಲಿ ಅವಸರದ ಮನುಷ್ಯ ಎಲ್ಲಿಗೇ ಹೊರಟಿರಲಿ, ನಡುವೆ ನನ್ನ ಒಲೆಯ ಮುಂದೆ ಒಮ್ಮೆ ನಿಲ್ಲಲೇಬೇಕು. ನಾನು ಯಾರನ್ನೂ ಕರೆಯುವುದಿಲ್ಲ, ಚಳಿ ಕರೆಯುತ್ತದೆ. ಗೂಡಲೂರಿನಿಂದ ಘಟ್ಟ ಹತ್ತಿದ ಗಾಡಿಗಳು ನಡುವಟ್ಟಂ ತಲುಪುವ ಹೊತ್ತಿಗೆ ಎತ್ತುಗಳ ಮೂಗಿನಲ್ಲಿ ಹೊಗೆ, ಗಾಡಿಯವರ ಹಲ್ಲುಗಳಲ್ಲಿ ತಾಳ. ಅಲ್ಲಿ, ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ, ತಿರುವಿನಲ್ಲಿ ನನ್ನ ತಾಮ್ರದ ಹಂಡೆ. ಕುಡಿಯಲು ಶುಂಠಿ ಹಾಕಿದ ಬಿಸಿನೀರು, ಕೈಕಾಲಿಗೆ ಬರೀ ಬಿಸಿನೀರು. ಇಷ್ಟೇ ನನ್ನ ಅಂಗಡಿ.

ನನ್ನ ಗಂಡ ಗುಂಡ್ಲುಪೇಟೆ ಕಡೆಯಿಂದ ಈ ರಸ್ತೆಗೆ ಕಲ್ಲು ಒಡೆಯಲು ಬಂದವನು. ಜ್ವರ ಬಂದು ಹೋದ. ಊರಿನಿಂದ ಮೈದುನ ಬಂದು, "ನಮ್ಮ ಮನೆಯಲ್ಲಿ ಒಂದು ಮೂಲೆ ಇದೆ, ಬಾ ಅತ್ತಿಗೆ" ಅಂದ. ಅವನ ಹೆಂಡತಿಯ ಬಾಯಿ ನನಗೆ ಗೊತ್ತಿತ್ತು. "ಮೂಲೆ ಬೇಡಪ್ಪ, ನನಗೆ ಈ ತಿರುವು ಸಾಕು" ಅಂದೆ. ಅವನು ನಕ್ಕು ಗಾಡಿ ಹತ್ತಿದ. ನಾನು ಒಲೆ ಹೂಡಿದೆ.

ನನ್ನ ಅಂಗಡಿಗೆ ಒಂದೇ ಕಟ್ಟಳೆ. ಮೊದಲು ಬಂದವರಿಗೆ ಮೊದಲು. ನೀವು ದೊರೆಯಾದರೂ ಸರಿ, ಒಣಮೀನಿನ ಗಾಡಿಯವರಾದರೂ ಸರಿ, ಹಂಡೆಗೆ ನಿಮ್ಮ ಗುರುತಿಲ್ಲ. ನನ್ನ ಜಾತಿ ಕೇಳಿದವರಿಗೆ, "ನೀರು ಕಾದಿದೆ, ಬೇಕಾ?" ಅನ್ನುತ್ತಿದ್ದೆ. ಅಷ್ಟು ಚಳಿಯಲ್ಲಿ ಎರಡನೆಯ ಸಲ ಯಾರೂ ಕೇಳಲಿಲ್ಲ.

ಜಾಗ ಮಾತ್ರ ನನ್ನದಲ್ಲ, ರಸ್ತೆ ಇಲಾಖೆಯದು. ಆಗಿದ್ದ ಮುದುಕ ಓವರ್ಸಿಯರರು ಒಂದು ಸಲ ನೀರು ಕುಡಿದು, "ಇರಲಿ" ಅಂದಿದ್ದರು. ಆ ಒಂದು ಮಾತಿನ ಮೇಲೆ ನನ್ನ ಒಲೆ ನಿಂತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಲೆಯ ಮೇಲೆ ಕೈ

ಒಲೆ ಹೂಡಿದ ಮೊದಲ ದಿನ ಪಕ್ಕದ ಹಟ್ಟಿಯಿಂದ ಒಬ್ಬ ಬಡಗರ ಮುದುಕಿ ಕೋಲೂರಿಕೊಂಡು ಬಂದಳು. ಬಿಳಿ ಬಟ್ಟೆ, ಬಿಳಿ ತಲೆವಸ್ತ್ರ, ಕಣ್ಣಿನಲ್ಲೂ ಬಿಳಿ ಪೊರೆ. ಅವರ ಮಾತಿನಲ್ಲಿ ಅಜ್ಜಿಗೆ ಹೆತ್ತೆ ಅನ್ನುತ್ತಾರೆ. ಹಟ್ಟಿಯವರಿಗೆಲ್ಲ ಅವಳು ಹೆತ್ತೆ, ಹಾಗಾಗಿ ನನಗೂ ಹೆತ್ತೆ.

ಈ ಬೆಟ್ಟದ ಬಡಗರಲ್ಲಿ ಒಂದು ರೂಢಿ. ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹರಸಿ ಮುಗಿದು ಕೈ ತೆಗೆಯುವ ತನಕ ತಲೆ ಎತ್ತುವಂತಿಲ್ಲ. ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ಒಲೆ ಊದಲು ಬಗ್ಗಿದ್ದೆ. ಹೆತ್ತೆಯ ಮಂಜುಗಣ್ಣಿಗೆ ಕಂಡದ್ದು ಬಾಗಿದ ತಲೆ. ಬಂದವಳೇ ಕೈಯಿಟ್ಟಳು.

ಅದು ಎಮ್ಮೆ ಹಿಂಡಿ ಗಟ್ಟಿಯಾದ ಕೈ, ಸುಲಭಕ್ಕೆ ಜಾರುವಂಥದ್ದಲ್ಲ. ಹೆತ್ತೆ ಹರಸಲು ಶುರುಮಾಡಿದಳು. ಅವಳ ಆಶೀರ್ವಾದಕ್ಕೂ ಒಂದು ಸಾಲಿದೆ. ಮೊದಲು ಆಯುಸ್ಸು, ಆಮೇಲೆ ಮಕ್ಕಳು, ಆಮೇಲೆ ಕಣಜದ ಧಾನ್ಯ, ಆಮೇಲೆ ಎಮ್ಮೆಗಳು. ಎಮ್ಮೆಗಳೂ ಒಟ್ಟಿಗೆ ಬರುವುದಿಲ್ಲ. ಕೊಂಬು ಬಾಗಿದ ಎಮ್ಮೆ, ಹಣೆಯಲ್ಲಿ ಚುಕ್ಕೆಯ ಎಮ್ಮೆ, ಮೊದಲ ಕರುವಿನ ಎಮ್ಮೆ, ಒಂದೊಂದಾಗಿ ಮಂಜಿನಿಂದ ಇಳಿದು ದೊಡ್ಡಿ ಸೇರಬೇಕು. ಹೊಗೆ ನನ್ನ ಕಣ್ಣಿಗೆ ಹೋಗುತ್ತಿತ್ತು. ಕಿಡಿ ಕಣ್ಣು ಮುಚ್ಚುತ್ತಿತ್ತು.

"ಅಜ್ಜೀ, ಒಲೆ ಆರಿಹೋಗ್ತಿದೆ, ಬಿಡಿ" ಅಂದೆ.

"ಏಕೆ ಅವಸರ, ಮಗಳೇ? ಒಲೆ ಕೊನೆಗೆ ಬರುತ್ತೆ" ಅಂದಳು.

ಹೇಳಿದಂತೆ ಒಲೆ ಕೊನೆಗೆ ಬಂತು. "ನಿನ್ನ ಒಲೆ ಎಂದೂ ಆರದೆ ಇರಲಿ" ಅಂದು ಹೆತ್ತೆ ಕೈ ತೆಗೆದಾಗ ಒಲೆ ಆರಿ, ಬೂದಿಯೂ ತಣ್ಣಗಾಗಿತ್ತು.

ದಫೇದಾರರ ಮೀಸೆ

ಅಂದಿನಿಂದ ಹೆತ್ತೆ ದಿನಾ ಬಂದು ಒಲೆಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದಳು. ದಫೇದಾರರು ಬಂದ ದಿನ ಮಾತ್ರ ಇರಲಿಲ್ಲ.

ಯಾರೋ ಒಬ್ಬ ದೊರೆ ಬಂಗಲೆಯಲ್ಲಿ ಇಳಿದಿದ್ದರು. ಅವರ ದಫೇದಾರರಿಗೆ ಕೆಂಪು ಪಟ್ಟಿ, ಎದೆಗೆ ಹಿತ್ತಾಳೆ ಬಿಲ್ಲೆ. ಮೀಸೆಯನ್ನು ಎರಡೂ ಕಡೆ ಮೇಣ ಹಚ್ಚಿ ಮೇಲಕ್ಕೆ ತಿರುಚಿದ್ದರು. ಅಂಗಡಿಯ ಮುಂದೆ ಗಾಡಿಯವರ ಸಾಲು ನಿಂತಿತ್ತು. ಅವರು ಸಾಲನ್ನು ನೋಡಲೇ ಇಲ್ಲ.

"ದೊರೆಗೆ ಬಿಸಿನೀರು. ಈಗಲೇ."

"ನೀರು ಇನ್ನೂ ಕಾದಿಲ್ಲ."

"ಕಾದಿಲ್ಲ ಅಂದರೆ ಏನರ್ಥ? ದೊರೆಗೆ ಅಂತ ಹೇಳಿದೆನಲ್ಲ."

"ನನಗೆ ಹೇಳಿದಿರಿ. ಹಂಡೆಗೂ ಒಂದು ಮಾತು ಹೇಳಿ."

ಸಾಲಿನಲ್ಲಿದ್ದ ಒಣಮೀನಿನ ಗಾಡಿಯ ಕಾಕಾ ಮುಖ ಆ ಕಡೆ ತಿರುಗಿಸಿ ಕೆಮ್ಮಿದ. ಈತ ಮಲಬಾರಿನಿಂದ ಮೀನು ಹೇರಿಕೊಂಡು ಬರುವವನು. ನನ್ನ ಅಂಗಡಿಯಲ್ಲಿ ನಗು ಬಂದರೆ ಕೆಮ್ಮುವುದು ಅವನ ಅಭ್ಯಾಸ. ದಫೇದಾರರಿಗೆ ಸಿಟ್ಟು ನೆತ್ತಿಗೇರಿತು. "ನಿನಗೆ ಬೆಂಕಿ ಹಾಕೋದೇ ಗೊತ್ತಿಲ್ಲ, ಆ ಕಡೆ ಸರಿ" ಅಂದು ಊದುಗೊಳವೆ ಕಿತ್ತುಕೊಂಡು ಬಗ್ಗಿದರು. ಸಿಟ್ಟಿನಲ್ಲಿ ಊದುಗೊಳವೆ ಬಾಯಿಗೆ ಹಿಡಿಯುವುದನ್ನೇ ಮರೆತು, ಬರಿಬಾಯಿಯಲ್ಲಿ ಎದೆ ತುಂಬ ಉಸಿರು ತೆಗೆದು ಬುಸ್ ಎಂದು ಊದಿದರು. ಒಲೆಯೊಳಗಿದ್ದ ಎಣ್ಣೆ ಜಿನುಗುವ ನೀಲಗಿರಿ ಎಲೆ ಅವರ ಅಧಿಕಾರಕ್ಕೆ ತಕ್ಷಣ ಓಗೊಟ್ಟಿತು. ಉರಿ ಭಗ್ಗೆಂದು ಎದ್ದು ಎಡಗಡೆಯ ಮೀಸೆಗೆ ಸಲಾಮು ಮಾಡಿತು. ಮೇಣ ಹಚ್ಚಿದ ಮೀಸೆ, ಕೇಳಬೇಕೇ.

ನೀರು ತನ್ನ ಹೊತ್ತಿಗೇ ಕಾಯಿತು. ದಫೇದಾರರು ತಮ್ಮ ಸರದಿಗೇ ಪಡೆದರು. ಆಮೇಲೆ ಬಹಳ ದಿನ ಅವರು ಬಂದಾಗೆಲ್ಲ ಬಲಗೆನ್ನೆಯನ್ನಷ್ಟೇ ನನಗೆ ತೋರಿಸಿ, ರಸ್ತೆಯ ಆಚೆಯ ಮರದ ಜೊತೆ ಮಾತಾಡುವವರ ಹಾಗೆ ನೀರು ಕೇಳುತ್ತಿದ್ದರು. ಹೆತ್ತೆ ಆ ದಿನ ಬಂದಿರಲಿಲ್ಲ ಅಂದೆನಲ್ಲ. ಬಂದಿದ್ದರೆ ಇನ್ನೊಂದು ಮೀಸೆಯೂ ಉಳಿಯುತ್ತಿರಲಿಲ್ಲ.

ದೊರೆಯ ತೊಟ್ಟಿ

ಘಟ್ಟದ ರಸ್ತೆ ಆಗ ಬಹಳ ಇಕ್ಕಟ್ಟು. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಯಾಕೆಂದರೆ ಏರಿನಲ್ಲಿ ನಿಂತ ಎತ್ತು ಮತ್ತೆ ಹೊರಡುವುದು ಕಷ್ಟ. ಇದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಒಂದು ಮಧ್ಯಾಹ್ನ ನನ್ನ ತಿರುವಿನಲ್ಲೇ ಕಾಕಾನ ಮೀನಿನ ಗಾಡಿ ಏರುತ್ತಿತ್ತು. ಎದುರಿಗೆ ಉದಕಮಂಡಲದಿಂದ ಇಳಿದು ಬಂದ ಗಾಡಿಯಲ್ಲಿ, ವರ್ಗವಾಗಿ ಹೋಗುತ್ತಿದ್ದ ಯಾವುದೋ ದೊರೆಯ ಸ್ನಾನದ ತೊಟ್ಟಿ. ತಗಡಿನದು, ಒಂದು ದೋಣಿಯಷ್ಟು ದೊಡ್ಡದು.

"ಹಿಂದೆ ತಗೋ" ಅಂದ ಕಾಕಾ.

"ನೀನು ತಗೋ. ಇದು ದೊರೆಯ ತೊಟ್ಟಿ."

"ದೊರೆ ಒಳಗಿದ್ದಾನಾ?"

"ಇಲ್ಲ."

"ಹಾಗಾದರೆ ತೊಟ್ಟಿಗೆ ಒಂದು ಸಲಾಂ. ಗಾಡಿ ಹಿಂದೆ ತಗೋ."

ತೊಟ್ಟಿಯವನು ಗಾಡಿಯಿಂದ ಇಳಿದ. ಕಾಕಾನೂ ಇಳಿದ. ಅವನು ದೊರೆಯ ಸಂಬಳ ಹೇಳಿದ, ಇವನು ತನ್ನ ಎತ್ತುಗಳ ವಂಶ ಹೇಳಿದ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ನಡುವೆ ಹೋಗಿ ಬಿಡಿಸಲು ಯಾರಿಗೂ ಧೈರ್ಯವಿಲ್ಲ. ನಾನು ಇಬ್ಬರಿಗೂ ಕೇಳುವ ಹಾಗೆ, "ಕೂತು ಕುಡಿಯುವವರಿಗೆ ನೀರು ಇದೆ. ನಿಂತು ಕೂಗುವವರಿಗೆ ಇಲ್ಲ" ಅಂದೆ. ಇಬ್ಬರೂ ನನ್ನನ್ನು ನೋಡಿದರು, ಕೂರಲಿಲ್ಲ. ನನ್ನ ಹಟ ನನಗೆ, ಅವರ ಹಟ ಅವರಿಗೆ.

ಆಗ ಗಾಳಿ ತಿರುಗಿ, ಆನೆಕಲ್ಲು ಮಳೆ ಶುರುವಾಯಿತು. ಅಂಗಡಿಗೆ ಇದ್ದದ್ದು ಹಂಡೆಯಷ್ಟಗಲದ ಹುಲ್ಲಿನ ಮಾಡು. ಅದರಡಿ ನಾನು, ಹೆತ್ತೆ, ಬೆಂಕಿ. ಉಳಿದವರು ಎಲ್ಲಿ ಹೋಗಬೇಕು? ಕಾಕಾನೂ ತೊಟ್ಟಿಯವನೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಂದು ಮಾತಿಲ್ಲದೆ ಇಬ್ಬರೂ ಸೇರಿ ತೊಟ್ಟಿಯನ್ನು ಗಾಡಿಯಿಂದ ಇಳಿಸಿ ಬೋರಲು ಹಾಕಿ, ಒಂದು ಅಂಚಿಗೆ ಕಲ್ಲು ಕೊಟ್ಟು, ಅದರಡಿ ನುಗ್ಗಿದರು. ಅವರ ಹಿಂದೆ ಇನ್ನಷ್ಟು ಜನ ನುಗ್ಗಿದರು. ಮೇಲೆ ಕಲ್ಲುಮಳೆಯ ಡೋಲು, ಕೆಳಗೆ ಬೀಡಿಯ ಹೊಗೆ. ಎಲ್ಲರೂ ಕೂತಿದ್ದರಿಂದ ನಾನು ಮಾತಿಗೆ ತಪ್ಪದೆ ಚೊಂಬುಗಳನ್ನು ಒಳಗೆ ತಳ್ಳಿದೆ.

ದೊರೆಯ ಅಧಿಕಾರ ಒಂದೇ ಸಲಕ್ಕೆ ಅಷ್ಟು ಜನರ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಂಚಾಂಗ

ಕಾಯುವುದೇ ಜನಕ್ಕೆ ಕಷ್ಟ, ನೀರಿಗಲ್ಲ. ಆದ್ದರಿಂದ ಅವರ ಮನಸ್ಸನ್ನು ಬೇರೆ ಕಡೆ ಹಾಕಲು ನಾನು ಓದಿ ಹೇಳುತ್ತಿದ್ದೆ. ನನಗೆ ಯಾರೂ ಓದು ಕಲಿಸಲಿಲ್ಲ. ಗುಂಡ್ಲುಪೇಟೆಯಿಂದ ಬರುವ ಅಕ್ಕಿ ಮೂಟೆಗಳ ಮೇಲಿನ ಅಕ್ಷರ ನೋಡಿ ನೋಡಿ, ಗಾಡಿಯವರನ್ನು ಪೀಡಿಸಿ, ನಾನೇ ಹಿಡಿದುಕೊಂಡದ್ದು. ಯಾರೋ ಬಿಟ್ಟುಹೋದ ಹಳೆಯ ಪಂಚಾಂಗ ಒಂದು ಸಿಕ್ಕಿತು. ಒಲೆಗೆ ಹಾಕುವ ಬದಲು ಮಡಿಲಲ್ಲಿ ಇಟ್ಟುಕೊಂಡೆ.

ಒಂದೊಂದೇ ಅಕ್ಷರ ಬೆರಳಿಟ್ಟು ಓದುತ್ತಿದ್ದೆ. ಸಾಲಿನಲ್ಲಿ ನಿಂತವರು ಮೊದಮೊದಲು ತಾಳ್ಮೆಯಿಂದ ಕೇಳಿದರು. ಕೊನೆಗೆ ಮಸಿನಗುಡಿ ಕಡೆಯ ಗಾಡಿಯವನೊಬ್ಬ, "ಅಮ್ಮಾ, ನೀವು ಅಮಾವಾಸ್ಯೆ ಅಂತ ಓದಿ ಮುಗಿಸೋ ಅಷ್ಟರಲ್ಲಿ ಹುಣ್ಣಿಮೆ ಬರುತ್ತೆ" ಅಂದ.

ನಾನು ಓದುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದು ಲಾಭವಾಯಿತು. ಅಲ್ಲಿಂದ ಮುಂದೆ ನೀರು ಕಾಯುವುದು ತಡ ಎಂದು ದೂರಿದವರು ಯಾರೂ ಇಲ್ಲ.

ಹೊಸ ಓವರ್ಸಿಯರ್

ಇಷ್ಟರಲ್ಲಿ ಮುದುಕ ಓವರ್ಸಿಯರರು ಕೆಲಸ ಮುಗಿಸಿ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ಕೆಳಗಿನ ಸೀಮೆಯವರು, ಇನ್ನೂ ಹರೆಯ. ಅವರ ಜೇಬಿನಲ್ಲಿ ಸರಪಳಿ ಗಡಿಯಾರ. ಮಾತಿಗೊಮ್ಮೆ ಅದನ್ನು ತೆಗೆದು ನೋಡುತ್ತಿದ್ದರು, ಜನ ಮಾತಾಡುವುದು ತಡವಾಗುತ್ತಿದೆಯೋ ಎಂದು ಪರೀಕ್ಷಿಸುವ ಹಾಗೆ. ನೀರು ಕೊಟ್ಟರೆ ಆರುವ ತನಕ ಕಾಯುತ್ತಿರಲಿಲ್ಲ. ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದರು, ದಿನಾ ನನ್ನನ್ನು ಬೈಯುತ್ತಿದ್ದರು.

ಒಂದು ದಿನ ಕೇಳಿದರು, "ಈ ಒಲೆ ಯಾರ ಅಪ್ಪಣೆಯ ಮೇಲೆ ಇಲ್ಲಿದೆ?"

"ಹಿಂದಿನವರು ಇರಲಿ ಅಂದಿದ್ದರು."

"ನಾನು ಬೇಡ ಅಂತೀನಿ."

"ಹಾಗಾದರೆ ನೀವಿಬ್ಬರೂ ಮಾತಾಡಿಕೊಂಡು ನನಗೆ ಒಂದೇ ಮಾತು ಹೇಳಿ."

"ಅವರು ಊರಿಗೆ ಹೋಗಿ ಆಯ್ತು."

"ಕಾಯ್ತೀನಿ, ಸಾರ್. ಕಾಯೋದು ನನಗೆ ಅಭ್ಯಾಸ."

ಕಾಕಾಗೆ ಕೆಮ್ಮು ಬಂತು. ಓವರ್ಸಿಯರರಿಗೆ ನಗು ಬರಲಿಲ್ಲ. "ದೊಡ್ಡ ದೊರೆ ರಸ್ತೆ ನೋಡೋಕೆ ಬರ್ತಾರೆ. ಈ ಹೊಗೆ, ಈ ಸಾಲು, ಈ ಮೀನಿನ ನಾತ ಅವರ ಕಣ್ಣಿಗೆ ಬೀಳಬಾರದು. ಅವರು ಬರುವ ಬೆಳಿಗ್ಗೆ ನಾನು ಆಳುಗಳನ್ನು ತಂದು ಇದನ್ನು ಒಡೆಸ್ತೀನಿ" ಅಂದರು. ಗಡಿಯಾರ ನೋಡಿದರು, ಹೊರಟರು.

ಅವರು ಹೇಳಿದ್ದು ಮಾಡುವ ಮನುಷ್ಯ ಎಂದು ನನಗೆ ಗೊತ್ತಾಯಿತು. ಒಲೆ ಹೋದರೆ ನನಗೆ ಉಳಿಯುವುದು ಮೈದುನನ ಮನೆಯ ಆ ಮೂಲೆ, ಅವನ ಹೆಂಡತಿಯ ಆ ಬಾಯಿ. ಕೋಪ ಬಂದರೆ ಕೂಗುವುದು ನನ್ನ ಸ್ವಭಾವವಲ್ಲ. ಬೂದಿಯೂ ಹುಣಸೆಹಣ್ಣೂ ತೆಗೆದುಕೊಂಡು ಪಾತ್ರೆ ತಿಕ್ಕುವುದು ನನ್ನ ಸ್ವಭಾವ. ಅಂದು ಚೊಂಬುಗಳನ್ನೆಲ್ಲ ತಿಕ್ಕಿದೆ. ಮರುದಿನ ಮತ್ತೆ ತಿಕ್ಕಿದೆ. ಅದರ ಮರುದಿನ ಹಂಡೆಯ ಹೊರಮೈಯನ್ನೂ ಬಿಡಲಿಲ್ಲ. ಹೊಗೆ ಹಿಡಿದು ಕರಿಕಟ್ಟಿದ್ದ ಹಂಡೆ ಮದುಮಗಳ ಹಾಗೆ ಹೊಳೆಯಿತು. ಮರದಿಂದ ಮಂಗಗಳು ಇಳಿದು ಬಂದು ಚೊಂಬಿನಲ್ಲಿ ಮುಖ ನೋಡಿಕೊಂಡು ಹಲ್ಲು ಕಿರಿದು ಹೋಗುತ್ತಿದ್ದವು.

ಕಾಕಾ ತನ್ನ ಚೊಂಬನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. "ಅಮ್ಮಾ, ದೊರೆ ಬೇಗ ಬಂದರೆ ಒಳ್ಳೇದು" ಅಂದ. "ನಿನ್ನ ಕೋಪ ಇನ್ನೊಂದು ವಾರ ಇದ್ದರೆ ಚೊಂಬು ತೂತು ಬೀಳುತ್ತೆ."

ಬಿಸಿನೀರು ತಾನೇ ತಂದ ಗಾಡಿ

ಅದೇ ದಿನಗಳಲ್ಲಿ ಒಬ್ಬ ತೋಟದ ಸಾಹೇಬರು ಮೋಟಾರು ತಂದರು. ಮಳೆಯಿಲ್ಲದ ಒಂದು ಬೆಳಿಗ್ಗೆ ಅದು ಘಟ್ಟ ಏರಿ ಬಂದು ನನ್ನ ತಿರುವಿನಲ್ಲಿ ನಿಂತಿತು. ಮೂಗಿನಿಂದ ಆವಿ ಬುಸುಬುಸು ಬರುತ್ತಿತ್ತು. ಒಳಗೆ ಸಾಹೇಬರು, ಪಕ್ಕದಲ್ಲಿ ನಮ್ಮ ಓವರ್ಸಿಯರರು. ಎಲ್ಲಿಗೋ ಬೇಗ ತಲುಪಬೇಕೆಂದು ಅವರೇ ಸಾಹೇಬರನ್ನು ಕೇಳಿಕೊಂಡು ಹತ್ತಿದ್ದರಂತೆ.

"ನೀರು. ತಣ್ಣೀರು. ಬೇಗ" ಅಂದರು ಓವರ್ಸಿಯರರು.

ನನ್ನ ಬದುಕಿನಲ್ಲಿ ತಣ್ಣೀರು ಕೇಳಿಕೊಂಡು ಬಂದ ಮೊದಲ ಗಿರಾಕಿ ಅದು. ತಣ್ಣೀರು ಬರುವುದು ಪಕ್ಕದ ಒರತೆಗೆ ಹಾಕಿದ ಬಿದಿರಿನ ದಬ್ಬೆಯಲ್ಲಿ, ಸಣ್ಣ ಧಾರೆಯಾಗಿ. ಅದರ ಕೆಳಗಿನ ಕಲ್ಲಿನ ಬಾನಿಯಲ್ಲಿ ಗಾಡಿ ಎತ್ತುಗಳು ಕುಡಿಯುತ್ತಿದ್ದವು. ಹಿಂದೆ ಇನ್ನೂ ಎತ್ತುಗಳಿದ್ದವು.

"ಎತ್ತುಗಳನ್ನು ಸರಿಸು" ಅಂದರು.

"ಅವು ಮೊದಲು ಬಂದವು, ಸಾರ್."

"ಎತ್ತಿಗೂ ಮೋಟಾರಿಗೂ ಒಂದೇ ಲೆಕ್ಕವಾ?"

"ಒಂದೇ ಹೇಗಾಗುತ್ತೆ ಸಾರ್" ಅಂದ ಕಾಕಾ. "ನಮ್ಮ ಎತ್ತು ಮೀನು ಎಳೆದುಕೊಂಡು ಬಂತು. ನಿಮ್ಮದು ನಿಮ್ಮಿಬ್ಬರನ್ನೇ ಎಳೆಯೋಕಾಗದೆ ಕೂತಿದೆ."

ಓವರ್ಸಿಯರರು ಗಡಿಯಾರ ತೆಗೆದರು. ಅದನ್ನು ನೋಡಿ ಎತ್ತುಗಳು ಕುಡಿಯುವುದನ್ನು ನಿಲ್ಲಿಸಲಿಲ್ಲ. ಸಾಹೇಬರಿಗೆ ಚಳಿ ಹತ್ತಿತು. ಇಳಿದು ಮೋಟಾರಿನ ಮೂಗಿನ ಹತ್ತಿರ ಅಂಗೈ ಚಾಚಿದರು. ಬೆಚ್ಚಗಿತ್ತು ಅಂತ ಕಾಣುತ್ತದೆ, ಮುಖ ಅರಳಿತು. ಅದನ್ನು ಕಂಡ ಕಾಕಾ ಹೋಗಿ ಅವರ ಪಕ್ಕದಲ್ಲಿ ಅಂಗೈ ಚಾಚಿದ. ಆಮೇಲೆ ಮಸಿನಗುಡಿಯವನು. ಸ್ವಲ್ಪ ಹೊತ್ತಿನಲ್ಲಿ ನನ್ನ ಸಾಲು ಪೂರ್ತಿ ಮೋಟಾರಿನ ಸುತ್ತ ನಿಂತು ಬೆನ್ನು ಕಾಯಿಸಿಕೊಳ್ಳುತ್ತಿತ್ತು. ನನ್ನ ಒಲೆಯ ಮುಂದೆ ಹೆತ್ತೆ ಬಿಟ್ಟರೆ ಯಾರೂ ಇಲ್ಲ.

ನಾನು ಓವರ್ಸಿಯರರಿಗೆ ಹೇಳಿದೆ, "ಸಾರ್, ನನ್ನ ಒಲೆ ಒಡೆಸುವುದೇ ಆದರೆ ಇದನ್ನು ಇಲ್ಲೇ ಬಿಟ್ಟು ಹೋಗಿ. ಜನಕ್ಕೆ ತೊಂದರೆಯಾಗಬಾರದು."

ಎಮ್ಮೆಗಳು ಬರುವ ತನಕ

ದೊಡ್ಡ ದೊರೆ ಬರುವ ದಿನ ಬಂದೇಬಂತು. ಹಿಂದಿನ ಸಂಜೆ ಕಾಕಾ, "ಅಮ್ಮಾ, ಓವರ್ಸಿಯರ್ ಸಾರ್ ಮನೆಗೆ ಹೋಗಿ ಒಂದು ಮಾತು ಬೇಡಿಕೋ" ಅಂದ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಬರುವುದು ಬೆಂಕಿ ಹಾಕುವುದು. ಬೆಳಿಗ್ಗೆ ಎಂದಿನಂತೆ ಬಂದು ಹಂಡೆ ತುಂಬಿ ಬೆಂಕಿ ಹಾಕಿದೆ. ಹೆತ್ತೆ ಎಂದಿನಂತೆ ತನ್ನ ಕಲ್ಲಿನ ಮೇಲೆ ಕೂತಳು. ಸುತ್ತ ಮಂಜು ಎಷ್ಟಿತ್ತೆಂದರೆ ರಸ್ತೆಯ ಆಚೆಯ ಅಂಚು ಕಾಣುತ್ತಿರಲಿಲ್ಲ.

ಮಂಜಿನೊಳಗಿಂದ ಮೊದಲು ಹಾರೆಗಳು ಬಂದವು, ಆಮೇಲೆ ಅವನ್ನು ಹೊತ್ತ ಆಳುಗಳು, ಅವರ ಮೇಸ್ತ್ರಿ, ಕೊನೆಗೆ ಗಡಿಯಾರ ಹಿಡಿದ ಓವರ್ಸಿಯರರು.

"ಒಡೀರಿ" ಅಂದರು.

ಮೇಸ್ತ್ರಿ ಕೈ ಉಜ್ಜಿಕೊಂಡ. "ಸಾರ್, ಬೆರಳು ಮರಗಟ್ಟಿದೆ. ಹಾರೆ ಹಿಡಿಯೋಕೆ ಆಗ್ತಿಲ್ಲ. ಒಂದೊಂದು ಚೊಂಬು ಬಿಸಿನೀರು ಕುಡಿದು ಒಡೆದುಬಿಡ್ತೀವಿ."

ಓವರ್ಸಿಯರರ ತುಟಿಯೂ ನೀಲಿಯಾಗಿತ್ತು. "ಬೇಗ ಆಗಲಿ" ಅಂದರು.

ಒಲೆ ಒಡೆಯಲು ಬಂದವರು ಹಾರೆ ಕೆಳಗಿಟ್ಟು ಒಲೆಯ ಮುಂದೆ ಸಾಲಾಗಿ ನಿಂತರು. ನಾನು ಹಸಿ ಸೌದೆಯ ಕಂತೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಣಗಿದ್ದೂ ಇತ್ತು, ಅದನ್ನು ಮುಟ್ಟಲಿಲ್ಲ. ನೀರು ಕಾದರೆ ಒಲೆಯ ಆಯುಸ್ಸು ಮುಗಿಯಿತು. ಕಾಯದಿರುವಷ್ಟು ಹೊತ್ತು ಅದು ನನ್ನದು. ಅದರಿಂದ ಮುಂದಿನ ಯೋಚನೆ ನನ್ನಲ್ಲಿರಲಿಲ್ಲ. ಹಸಿ ಸೌದೆ ಒಳ್ಳೆಯ ಹೊಗೆ ಕೊಟ್ಟಿತು.

ಓವರ್ಸಿಯರರು ಅತ್ತ ನಡೆದರು, ಇತ್ತ ನಡೆದರು, ಗಡಿಯಾರ ನೋಡಿದರು. "ದೊರೆ ಬರುವ ಹೊತ್ತಾಯ್ತು. ಯಾಕೆ ಇನ್ನೂ ಕಾದಿಲ್ಲ?"

"ಬೆಂಕಿ ಇದೆಯಲ್ಲ, ಸಾರ್. ನೋಡಿ ಬೇಕಾದರೆ."

ಅವರು ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿ, ಒಲೆಯ ಬಾಯಿಗೆ ಬಗ್ಗಿ ನೋಡಿದರು. ಹೆತ್ತೆ ಅಲ್ಲೇ ಕೂತಿದ್ದಳು. ಅವಳ ಮಂಜುಗಣ್ಣಿಗೆ ಒಂದು ಬಾಗಿದ ತಲೆ ಕಂಡಿತು.

ಆ ಕೈ ನನಗೆ ಗೊತ್ತು.

"ಬಾ ಮಗನೇ, ಬದುಕು" ಅಂದು ಹೆತ್ತೆ ಶುರುಮಾಡಿದಳು. ಹಟ್ಟಿಯ ಹುಡುಗರು ಆಳುಗಳಲ್ಲಿದ್ದರು. ಅವರು ತಟ್ಟನೆ ತಲೆಯ ವಸ್ತ್ರ ತೆಗೆದು ಸುಮ್ಮನೆ ನಿಂತರು. ಅವರನ್ನು ನೋಡಿ ಉಳಿದವರೂ ನಿಂತರು. ಹರಸುವಾಗ ಯಾರೂ ಅಲುಗಾಡುವುದಿಲ್ಲ.

"ಏನಿದು? ಬಿಡಮ್ಮ" ಅಂದರು ಓವರ್ಸಿಯರರು ಕೆಳಗಿನಿಂದ.

"ನೂರಾಗಿ ಬಾಳು. ನಿನ್ನ ತಲೆಗೂದಲು ನನ್ನ ಹಾಗೆ ಬೆಳ್ಳಗಾಗಲಿ."

"ನನಗೆ ಕೆಲಸ ಇದೆ."

"ಹೆಂಡತಿ ಬರಲಿ. ಮಕ್ಕಳು ಬಾಗಿಲು ತುಂಬಿ ನಿಲ್ಲಲಿ."

ಅಷ್ಟರಲ್ಲಿ ಮಂಜಿನೊಳಗೆ ಲಾಳದ ಸದ್ದು ಕೇಳಿತು. ದೊಡ್ಡ ದೊರೆ ಕುದುರೆಯ ಮೇಲೆ ಬಂದರು, ಹಿಂದೆ ಅವರ ಬಟ್ಲರ್ ಗಿಡ್ಡ ಕುದುರೆಯಲ್ಲಿ. ನಮ್ಮ ಮಾತನ್ನು ದೊರೆಗೆ ತಿಳಿಸುವವನು ಅವನೇ. ಓವರ್ಸಿಯರರಿಗೆ ಕಂಡದ್ದು ಕುದುರೆಯ ಕಾಲು ಮಾತ್ರ. ಅಷ್ಟೇ ಸಾಕಾಯಿತು. ಏಳಲು ಕತ್ತು ಎತ್ತಿದರು. ಹೆತ್ತೆ ಎರಡನೆಯ ಕೈಯನ್ನೂ ಇಟ್ಟಳು.

"ದೊರೆ ಬಂದಿದ್ದಾರೆ. ನನ್ನನ್ನು ಬಿಡು ತಾಯಿ."

"ಏಕೆ ಅವಸರ, ಮಗನೇ? ಇನ್ನೂ ಎಮ್ಮೆಗಳೇ ಬಂದಿಲ್ಲ."

ದೊರೆ ನೋಡಿದರು. ಅವರ ಓವರ್ಸಿಯರ್ ಬರಿದಲೆಯಲ್ಲಿ ಒಬ್ಬ ಹಣ್ಣು ಮುದುಕಿಯ ಮುಂದೆ ತಲೆ ಬಾಗಿಸಿದ್ದಾರೆ, ಆಳುಗಳೆಲ್ಲ ತಲೆವಸ್ತ್ರ ತೆಗೆದು ನಿಂತಿದ್ದಾರೆ. ಬಟ್ಲರನನ್ನು ಕೇಳಿದರು. ಬಟ್ಲರ್ ಏನು ಹೇಳಿದನೋ, ದೊರೆಯೂ ತಮ್ಮ ಟೋಪಿ ತೆಗೆದರು. ಹೊಗೆಯಲ್ಲಿ ಓವರ್ಸಿಯರರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದೊರೆ ಅದನ್ನೂ ಭಕ್ತಿಯ ಲೆಕ್ಕಕ್ಕೆ ಹಾಕಿದರೆಂದು ಕಾಣುತ್ತದೆ.

ಒಂದು ಎಮ್ಮೆ ಬಂತು. ಇನ್ನೊಂದು ಬಂತು. ಹಣೆಯಲ್ಲಿ ಚುಕ್ಕೆಯದು ಬರುವ ಹೊತ್ತಿಗೆ ಹೆತ್ತೆಗೆ ಕೆಮ್ಮು ಬಂತು. ಕೆಮ್ಮಿ ಮುಗಿದ ಮೇಲೆ ಎಲ್ಲಿಗೆ ನಿಲ್ಲಿಸಿದ್ದಳೋ ಮರೆತು, ನೇರ ಕೊನೆಗೆ ಹೋದಳು. "ಈ ಒಲೆ ಎಂದೂ ಆರದೆ ಇರಲಿ. ನೀನು ಕಾಯಿ, ಮಗನೇ. ಕಾಯ್ತೀನಿ ಅನ್ನು."

ದೊರೆಯ ಮುಂದೆ, ಆಳುಗಳ ಮುಂದೆ, ಬಗ್ಗಿದ ಓವರ್ಸಿಯರರು, "ಕಾಯ್ತೀನಿ" ಅಂದರು. ಹೆತ್ತೆ ಕೈ ತೆಗೆದಳು.

ದೊರೆ ಬಟ್ಲರನ ಮೂಲಕ ಹೇಳಿದರು, "ಜನರ ಜೊತೆ ಇಷ್ಟು ಹೊಂದಿಕೊಂಡ ಓವರ್ಸಿಯರನ್ನು ನಾನು ಈ ರಸ್ತೆಯಲ್ಲಿ ನೋಡಿರಲಿಲ್ಲ." ಆಮೇಲೆ ನೆಲದ ಮೇಲಿನ ಹಾರೆಗಳನ್ನು ಕಂಡು, "ಇವು ಯಾಕೆ?" ಅಂದರು.

ಓವರ್ಸಿಯರರು ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ನನ್ನ ಬಾಯಿಯಿಂದ ಒಂದು ಮಾತು ಬಂದರೆ ಹೊಗಳಿಕೆ ಹೋಗುತ್ತಿತ್ತು. ನಾನು ಮಾತಾಡಲಿಲ್ಲ. ಅವರು ಟೋಪಿ ಹಾಕಿಕೊಂಡು ದೊರೆಯ ಕಡೆ ತಿರುಗಿದರು.

"ಒಲೆಗೆ ಒಂದು ಕಲ್ಲುಕಟ್ಟೆ ಕಟ್ಟಿಸೋಣ ಅಂತ, ಸಾರ್. ಮೇಲೆ ಒಂದು ಮಾಡು. ಗಾಡಿಯವರು ಮಳೆಯಲ್ಲಿ ನೆನೀತಾರೆ."

"ಒಳ್ಳೆಯದು" ಅಂದರು ದೊರೆ. "ನನಗೂ ಸ್ವಲ್ಪ ಬಿಸಿನೀರು ಬೇಕು."

ಬಟ್ಲರ್ ಮುಂದೆ ಬಂದು ಚೊಂಬಿಗೆ ಕೈ ಹಾಕಿದ. ನಿಜ ಹೇಳುತ್ತೇನೆ, ನನ್ನ ಎದೆ ಹಂಡೆಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಈಗಷ್ಟೇ ಉಳಿದ ಒಲೆ. ಆದರೆ ಆ ಒಂದು ಕಟ್ಟಳೆಯನ್ನು ಬಿಟ್ಟುಕೊಟ್ಟು ಉಳಿಸಿಕೊಂಡರೆ ಅದು ನನ್ನ ಒಲೆ ಹೇಗಾದೀತು?

"ಸಾಲಿದೆ" ಅಂದು ಬೆರಳು ತೋರಿಸಿದೆ.

ಬಟ್ಲರನ ಮುಖ ಬಿಳಿಚಿಕೊಂಡಿತು. ಅವನು ದೊರೆಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ದೊರೆ ನನ್ನ ಬೆರಳು ತೋರಿಸಿದ ಕಡೆ ನೋಡಿದರು, ಕುದುರೆಯಿಂದ ಇಳಿದರು, ಹೋಗಿ ಕೊನೆಯ ಹಾರೆಯಾಳಿನ ಹಿಂದೆ ನಿಂತುಕೊಂಡರು. ಆ ಆಳು ಹಿಂತಿರುಗಿ ನೋಡಿ, ಕುಡಿಯುವ ತನಕ ಮತ್ತೆ ತಿರುಗಲೇ ಇಲ್ಲ. ನಾನು ಹಸಿ ಸೌದೆಯನ್ನೆಲ್ಲ ಎಳೆದುಹಾಕಿ, ಒಣಗಿದ್ದನ್ನು ಕೈಗೆ ಸಿಕ್ಕಷ್ಟು ತುಂಬಿದೆ. ನನ್ನ ಒಲೆಯ ಬಾಳಿನಲ್ಲಿ ನಾನು ಅವಸರಪಟ್ಟದ್ದು ಅಂದು ಒಂದೇ ದಿನ.

ಕಟ್ಟೆಯೂ ಮಾಡೂ ಆದವು. ಒಡೆಯಲು ಬಂದ ಹಾರೆಗಳೇ ಕಲ್ಲು ಕೂರಿಸಿದವು. ಓವರ್ಸಿಯರರು ಮೇಲುಸ್ತುವಾರಿಗೆ ನಿಂತರೂ ಒಲೆಯ ಹತ್ತಿರ ಬಗ್ಗುತ್ತಿರಲಿಲ್ಲ. ಒಂದು ಸಲ ಗಡಿಯಾರವೇ ಕೆಳಗೆ ಬಿದ್ದಿತು. ಹೆತ್ತೆಯ ಕಡೆ ಒಮ್ಮೆ ನೋಡಿ, ಗಂಭೀರವಾಗಿ 'ಮೇಸ್ತ್ರಿ' ಎಂದು ಕರೆದರು.

ಹೆತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. "ಆ ಹುಡುಗನಿಗೆ ಎಮ್ಮೆ ಪೂರ್ತಿ ಕೊಟ್ಟೆನೋ ಇಲ್ಲವೋ? ಚುಕ್ಕೆಯ ಎಮ್ಮೆ ರಸ್ತೆಯಲ್ಲೇ ನಿಂತ ಹಾಗಿದೆ. ಅವನನ್ನು ಕರಿ" ಎಂದು ದಿನಾ ಹೇಳುತ್ತಿದ್ದಳು. ನಾನು ಅದನ್ನು ಓವರ್ಸಿಯರರಿಗೆ ತಲುಪಿಸಿದೆ. ಅವರು ಗಡಿಯಾರ ನೋಡಿ ಹೊರಟುಹೋದರು.

ಆ ವರ್ಷ ಅವರಿಗೆ ಮದುವೆ ಗೊತ್ತಾಯಿತು. ಒಂದು ಬೆಳಿಗ್ಗೆ ಮಂಜಿನಲ್ಲಿ ಒಬ್ಬರೇ ಬಂದರು. ಟೋಪಿ ಆಗಲೇ ಕೈಯಲ್ಲಿತ್ತು. ಸುತ್ತ ನೋಡಿ, ದನಿ ತಗ್ಗಿಸಿ ನನಗೆ ಹೇಳಿದರು, "ಹೆಂಡತಿ ಬರಲಿ ಅಂತ ಅಜ್ಜಿ ಹರಸಿದ್ದಳಲ್ಲ, ಅದು ಆಗ್ತಿದೆ. ಎಮ್ಮೆಗಳು ಬಾಕಿ ಇವೆಯಂತಲ್ಲ, ಅದನ್ನೂ ಮುಗಿಸಿಕೊಂಡು ಹೋಗೋಣ ಅಂತ ಬಂದೆ."

ಹೆತ್ತೆಯ ಮುಂದೆ ಆಗ ಕಾಕಾ ತಲೆ ಬಾಗಿಸಿ ಕೂತಿದ್ದ. ಅವಳ ಆಶೀರ್ವಾದ ಇನ್ನೂ ಧಾನ್ಯದಲ್ಲೇ ಇತ್ತು.

"ಸಾಲಿದೆ, ಸಾರ್" ಅಂದೆ.

ಓವರ್ಸಿಯರರು ಗಡಿಯಾರ ತೆಗೆದರು. ನೋಡದೆ ಹಾಗೇ ಜೇಬಿಗೆ ಹಾಕಿಕೊಂಡು, ಕಾಕಾನ ಹಿಂದೆ ನಿಂತರು.